ಇಂದ್ರಾಳಿಯ ಚಡಾವು

ನಾನು ಅಕ್ಕನನ್ನು ಮೊದಲು ನೋಡಿದ್ದು ಕಾರಿನ ಒಳಗೆ ಕುಳಿತು. ಇಂದ್ರಾಳಿಯ ರೈಲ್ವೆ ಸೇತುವೆಯ ಹತ್ತಿರ ರಸ್ತೆ ಕೆಲಸ ನಡೆಯುತ್ತಿದ್ದ ಕಾಲ ಅದು. ಬೆಳಿಗ್ಗೆ ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸು, ಲಾರಿ, ಕಾರುಗಳೆಲ್ಲ ಅಲ್ಲಿಗೆ ಬಂದು ಒಂದರ ಹಿಂದೆ ಒಂದು ನಿಂತುಬಿಡುತ್ತಿದ್ದವು. ಮಣಿಪಾಲದ ಒಂದು ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಉದ್ಯಾವರದ ಮನೆಯಿಂದ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಹೊರಟು ಕಿನ್ನಿಮೂಲ್ಕಿ, ಕಲ್ಸಂಕ, ಕುಂಜಿಬೆಟ್ಟು ದಾಟಿ ಬಂದರೆ ಇಂದ್ರಾಳಿಯಲ್ಲಿ ಎಂಜಿನ್ ಆರಿಸಿ ಕೂರುವುದು ದಿನದ ಪಾಡಾಗಿತ್ತು.

ಆ ಹೊತ್ತಿಗೆ ಎಡಬದಿಯಲ್ಲಿ, ಚರಂಡಿಯ ಅಂಚಿಗೆ ಒತ್ತಿಕೊಂಡು, ಒಬ್ಬ ಹೆಂಗಸು ಸೈಕಲ್ಲು ದೂಡಿಕೊಂಡು ಹೋಗುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಹ್ಯಾಂಡಲಿಗೆ ಬುತ್ತಿಯ ಚೀಲ, ಹಿಂದಿನ ಕ್ಯಾರಿಯರಿಗೆ ಕಟ್ಟಿದ ಕೊಡೆ. ನನ್ನ ಕಾರು ಒಂದು ಮಾರು ಮುಂದೆ ಹೋಗುವಷ್ಟರಲ್ಲಿ ಅವರು ತಿರುವು ದಾಟಿ ಕಾಣದಾಗುತ್ತಿದ್ದರು. ಮರುದಿನವೂ ಹಾಗೆಯೇ. ಆಮೇಲೊಂದು ದಿನ ಅವರು ನನ್ನ ಗಾಜಿನ ಹತ್ತಿರ ಬಂದಾಗ ತಿರುಗಿ ನೋಡಿ, ‘ಎಂತ, ಇನ್ನೂ ಇಲ್ಲೇ ಇದ್ದೀರಾ?’ ಎನ್ನುವಂತೆ ಕೈ ತಿರುಗಿಸಿ ನಕ್ಕರು. ಕೊಂಕಿನ ನಗುವಲ್ಲ. ಆದರೂ ಆ ದಿನವಿಡೀ ಅದು ನನ್ನ ಬೆನ್ನು ಬಿಡಲಿಲ್ಲ.

ಮಗಳು ಹೈಸ್ಕೂಲಿಗೆ ಓಡಿಸುತ್ತಿದ್ದ ಸೈಕಲ್ಲು ಹಿಂದಿನ ಜಗಲಿಯಲ್ಲಿ ತೆಂಗಿನ ಗರಿಗಳ ಮರೆಯಲ್ಲಿತ್ತು. ಅವಳು ಮಂಗಳೂರಿನ ಕಾಲೇಜಿಗೆ ಸೇರಿದ ಮೇಲೆ ಅದನ್ನು ಮುಟ್ಟಿದವರಿರಲಿಲ್ಲ. ಪೇಟೆಗೆ ಒಯ್ದು ಎರಡೂ ಟ್ಯೂಬು ಬದಲಿಸಿ, ಸೀಟು ಎತ್ತರಿಸಿಕೊಂಡು ಬಂದೆ. ನನ್ನ ಗಂಡ ಅಂಗಳದಲ್ಲಿ ನಿಂತು ನೋಡಿದರು.

“ಮಣಿಪಾಲಕ್ಕಾ? ಇದರಲ್ಲಿ?”

“ಹೌದು.”

“ಆ ಚಡಾವಿಗೆ ಎಂತ ಮಾಡ್ತಿ?”

ಏರುದಾರಿಗೆ ನಮ್ಮಲ್ಲಿ ಚಡಾವು ಎನ್ನುತ್ತಾರೆ. ಇಂದ್ರಾಳಿಯಿಂದ ಮೇಲೆ ಮಣಿಪಾಲದವರೆಗೆ ಇರುವುದು ಅದೇ.

“ಇಳಿದು ದೂಡ್ತೇನೆ,” ಎಂದೆ.

ಮೊದಲ ದಿನ ಕುಂಜಿಬೆಟ್ಟಿಗೆ ಬರುವಾಗಲೇ ತೊಡೆಗಳು ನಡುಗುತ್ತಿದ್ದವು. ಸೇತುವೆ ದಾಟಿ ಸ್ವಲ್ಪ ದೂರ ತುಳಿದೆ, ಆಮೇಲೆ ಆಗಲಿಲ್ಲ. ಇಳಿದೆ. ಎದುರಿಗೆ ಆ ಹೆಂಗಸೇ ಹೋಗುತ್ತಿದ್ದರು. ಏದುಸಿರು ಬಿಡುತ್ತಾ ಅವರ ಪಕ್ಕಕ್ಕೆ ಬಂದಾಗ ಅವರು ನನ್ನ ಮುಖವನ್ನೂ ಸೈಕಲ್ಲನ್ನೂ ನೋಡಿದರು.

“ಕಾರು ಎಲ್ಲಿ?”

“ಮನೆಯಲ್ಲಿ.”

“ಹಾಳಾಯ್ತಾ?”

“ಇಲ್ಲ.”

“ಮತ್ತೆಂತಕ್ಕೆ?”

“ನೀವು ಮೊನ್ನೆ ನಕ್ಕಿರಲ್ಲ, ಅದಕ್ಕೆ.”

ಅವರು ನಿಂತು, ಹ್ಯಾಂಡಲಿನ ಮೇಲೆ ಬಗ್ಗಿ ನಗತೊಡಗಿದರು. “ನಾನು ನಕ್ಕದ್ದಕ್ಕೆ ಕಾರು ಬಿಟ್ಟದ್ದಾ? ಒಳ್ಳೇ ಜನ ಮಾರಾಯ್ತಿ!” ಅಲ್ಲಿಂದ ಮೇಲಿನವರೆಗೂ ಅವರು ಆಗಾಗ ಒಬ್ಬರೇ ನಗುತ್ತಿದ್ದರು. ಆ ದಿನದಿಂದ ನನಗೆ ಅವರು ಅಕ್ಕ.

ಅಕ್ಕ ಮಣಿಪಾಲದ ಒಂದು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಆಪರೇಷನ್ನಿಗೆ ಹೋಗುವಾಗ ಹಾಕುವ ಹಸಿರು ನಿಲುವಂಗಿಗಳನ್ನು ಹೊಲಿಯುವುದು, ಹರಿದುದಕ್ಕೆ ತೇಪೆ ಹಾಕುವುದು. “ಹೊಲಿದು ಹೊಲಿದು ಈಗ ಕನಸು ಕೂಡ ಹಸಿರು ಬೀಳ್ತದೆ,” ಎನ್ನುತ್ತಿದ್ದರು. ಹುಟ್ಟಿದ್ದು ಕಾಪುವಿನ ಸಮುದ್ರದ ದಂಡೆಯಲ್ಲಿ, ಮೀನುಗಾರಿಕೆಯ ಮನೆಯಲ್ಲಿ. ತಂಗಿಯಂದಿರ ಮದುವೆ, ತಾಯಿಯ ಕಾಯಿಲೆ, ಒಂದಾದ ಮೇಲೆ ಒಂದು ಬಂದು ಅವರ ಮದುವೆಯ ಮಾತು ನಿಂತೇಹೋಗಿತ್ತು. ಈಗ ದೊಡ್ಡಣಗುಡ್ಡೆಯಲ್ಲಿ ತಮ್ಮನ ಮನೆಯಲ್ಲಿದ್ದರು. ತಮ್ಮ, ನಾದಿನಿ ಒಳ್ಳೆಯವರೇ. “ಆದರೆ ಅಲ್ಲಿ ಸಮುದ್ರದ ಸದ್ದು ಇಲ್ಲ,” ಎಂದು ಒಮ್ಮೆ ಹೇಳಿದರು. “ಸದ್ದು ಇಲ್ಲದಿದ್ರೆ ನನಗೆ ಮನೆ ಖಾಲಿ ಉಂಟು ಅಂತ ಕಾಣ್ತದೆ.”

ಇದೆಲ್ಲ ನನಗೆ ತಿಳಿದದ್ದು ಆ ಚಡಾವಿನಲ್ಲಿ, ಚೂರು ಚೂರಾಗಿ. ಅರ್ಧ ತುಳು, ಅರ್ಧ ಕನ್ನಡ. ಸೈಕಲ್ಲು ದೂಡುತ್ತಾ ಏರುವಾಗ ಉದ್ದನೆಯ ವಾಕ್ಯ ಆಡಲು ಉಸಿರು ಸಾಲುವುದಿಲ್ಲ. ಇಬ್ಬರ ಕಣ್ಣೂ ಮುಂದಿನ ರಸ್ತೆಯ ಮೇಲೆ. ಲಾರಿ ಹಾದುಹೋದರೆ ಮಾತು ನಿಲ್ಲುತ್ತಿತ್ತು, ಹೋದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳದ ಮಾತುಗಳನ್ನು ನಾನು ಅಲ್ಲಿ ಹೇಳಿದ್ದೇನೆ. ಮಗಳು ಹೋದ ಮೇಲೆ ಅವಳ ಕೋಣೆಯ ಬಾಗಿಲು ಹಾಕಲು ನನಗೆ ಮನಸ್ಸು ಬರುವುದಿಲ್ಲ ಎಂದದ್ದು ಅಲ್ಲಿಯೇ. ಅಕ್ಕ ಸಮಾಧಾನ ಹೇಳಲಿಲ್ಲ. “ಹಾಕಬೇಡ ಮತ್ತೆ. ಯಾರು ಹೇಳಿದ್ದು ಹಾಕ್ಬೇಕು ಅಂತ?” ಎಂದರು. ಅವರ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂದದ್ದೂ ಅಂದೇ ಇರಬೇಕು.

ಮೊದಲು ಬಂದವರು ಸೇತುವೆಯ ಹತ್ತಿರ ಕಾಯುವುದು ಎಂದು ನಾವು ಮಾತಾಡಿಕೊಂಡಿರಲಿಲ್ಲ, ಆದರೆ ಕಾಯುತ್ತಿದ್ದೆವು. ಜೂನ್ ತಿಂಗಳಲ್ಲಿ ಕೆಂಪು ನೀರು ಚಡಾವಿನಿಂದ ಇಳಿದು ನಮ್ಮ ಪಾದಗಳ ಮೇಲೆ ಹರಿಯುತ್ತಿತ್ತು. ರೈನ್‌ಕೋಟಿನ ಟೊಪ್ಪಿಯೊಳಗಿಂದ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಗ ಸುಮ್ಮನೆ ನಡೆಯುತ್ತಿದ್ದೆವು. ಸಂಜೆ ಅವರು ಬೇಗ ಹೊರಡುತ್ತಿದ್ದರು, ನನಗೆ ಅಂಗಡಿ ಮುಚ್ಚಬೇಕಿತ್ತು. ಒಟ್ಟಿಗೆ ಹೊರಟ ಒಂದೆರಡು ದಿನವೂ ಇಳಿಜಾರಿನಲ್ಲಿ ಸೈಕಲ್ಲುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಕಿವಿಯಲ್ಲಿ ಗಾಳಿ ಮಾತ್ರ.

ಮಳೆ ಕಡಿಮೆಯಾದ ಒಂದು ಬೆಳಿಗ್ಗೆ ಅಕ್ಕ ಅರ್ಧ ದಾರಿಯವರೆಗೂ ಮಾತಾಡಲಿಲ್ಲ. ಮೈ ಸರಿ ಇಲ್ಲವೇನೋ ಎಂದುಕೊಂಡೆ.

“ಒಂದು ಹೇಳ್ತೇನೆ, ನಗಬೇಡ,” ಎಂದರು.

“ಹೇಳಿ.”

ಒಂದು ಬಸ್ಸು ಹಾದುಹೋಯಿತು.

“ಕಾರ್ಕಳದಿಂದ ಒಂದು ಸಂಬಂಧ ಬಂದಿದೆ.”

“ಯಾರಿಗೆ?”

“ನನಗೆ ಮಾರಾಯ್ತಿ!”

ನಾನು ನಗಲಿಲ್ಲ. ಆದರೆ ಕೈ ಸಡಿಲಾಗಿ ಸೈಕಲ್ಲು ಹಿಂದಕ್ಕೆ ಜಾರಿತು. ಅದನ್ನು ಹಿಡಿಯಲು ಹೋಗಿ ಬುತ್ತಿ ಕೆಳಗೆ ಬಿತ್ತು. ಅದನ್ನು ನೋಡಿ ನಕ್ಕದ್ದು ಅವರೇ.

ವರ ಹೆಂಡತಿ ತೀರಿಹೋದ ಮನುಷ್ಯ. ಕಾರ್ಕಳದ ಪೇಟೆಯಿಂದ ಸ್ವಲ್ಪ ಆಚೆ ಒಂದು ಚಿಕ್ಕ ಹೋಟೆಲು. ಮಗ ಮದುವೆಯಾಗಿ ಮುಂಬೈಯಲ್ಲಿದ್ದ. ತಮ್ಮನ ಪರಿಚಯದವರು ಯಾರೋ ಮಾತು ತಂದಿದ್ದರು. ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. “ಅಡುಗೆಗೆ ಜನ ಬೇಕಾದ್ರೆ ಸಂಬಳ ಕೊಟ್ಟು ಇಟ್ಕೊಳ್ಲಿ,” ಎಂದು ಒಂದು ದಿನ. “ಈ ವಯಸ್ಸಿಗೆ ತಲೆಗೆ ಹೂ ಮುಡಿದು ಕೂತ್ರೆ ಕಾಪುವಿನಲ್ಲಿ ಎಂತ ಹೇಳ್ಲಿಕ್ಕಿಲ್ಲ?” ಎಂದು ಇನ್ನೊಂದು ದಿನ. ಆದರೆ ದಿನವೂ ಆ ಮಾತು ಎತ್ತುತ್ತಿದ್ದವರೂ ಅವರೇ. ಮತ್ತೆ ಒಂದು ಆದಿತ್ಯವಾರ ಆ ಮನುಷ್ಯ ಉಡುಪಿಗೆ ಬಂದರು. ಇಬ್ಬರೂ ಐಸ್‌ಕ್ರೀಮಿನ ಅಂಗಡಿಯೊಂದರಲ್ಲಿ ಕೂತರು. ಸೋಮವಾರ ಬೆಳಿಗ್ಗೆ ಅಕ್ಕ ನನಗಿಂತ ಮೊದಲೇ ಬಂದು ನಿಂತಿದ್ದರು.

“ಎಂತ ಆಯ್ತು?” ಎಂದೆ.

“ನಿಮಗೆ ಎಂತ ಇಷ್ಟ ಅಂತ ಕೇಳಿದ್ರು.”

“ಅದಕ್ಕೆ?”

“ನನಗೆ ಎಂತ ಹೇಳೋದು ಗೊತ್ತಾಗ್ಲಿಲ್ಲ. ಇಷ್ಟು ವರ್ಷದಲ್ಲಿ ಯಾರು ಕೇಳಿದ್ದಾರೆ ಹೇಳು? ಬಾಯಿಗೆ ಬಂತು, ಗಡ್‌ಬಡ್ ಅಂದೆ.”

“ಅಕ್ಕಾ!”

“ಎದುರಿಗೆ ಒಂದು ಗಡ್‌ಬಡ್ ಐಸ್‌ಕ್ರೀಮು ಇತ್ತಲ್ಲ, ಅರ್ಧ ತಿಂದದ್ದು. ಅವರು ಇನ್ನೊಂದು ತರಿಸಿದ್ರು. ಎಂತ ಕೇಳ್ಲಿಲ್ಲ, ನಗ್ಲೂ ಇಲ್ಲ. ಸುಮ್ಮನೆ ತರಿಸಿದ್ರು.”

ಸ್ವಲ್ಪ ದೂರ ನಡೆದ ಮೇಲೆ, ನನ್ನ ಕಡೆ ನೋಡದೆ ಕೇಳಿದರು. “ನೀನು ಎಂತ ಹೇಳ್ತಿ?”

“ಮದುವೆ ಆಗಿ ಅಕ್ಕ,” ಎಂದೆ. ಯೋಚಿಸಲೇ ಇಲ್ಲ. ಅವರ ದನಿಯಲ್ಲಿ ಅಂಥ ಹಗುರ ನಾನು ಆವರೆಗೆ ಕೇಳಿರಲಿಲ್ಲ. ಅಂಗಡಿಗೆ ಹೋಗಿ, ಯಾರದೋ ಕನ್ನಡಕದ ಗಾಜು ಒರೆಸುತ್ತಿದ್ದಾಗ ಹೊಳೆಯಿತು: ಕಾರ್ಕಳಕ್ಕೆ ಮದುವೆಯಾಗಿ ಹೋದವರು ಇಂದ್ರಾಳಿಯಲ್ಲಿ ಕಾಯುವುದಿಲ್ಲ. ಗಾಜನ್ನು ಇನ್ನೊಮ್ಮೆ ಒರೆಸಿದೆ.

ಮದುವೆ ಕಾಪುವಿನಲ್ಲಿ, ದೇವಸ್ಥಾನದಲ್ಲಿ, ಮನೆಯವರಷ್ಟೇ ಸೇರಿ. ಮುಡಿ ತುಂಬ ಶಂಕರಪುರ ಮಲ್ಲಿಗೆ ಮುಡಿದು, ತಲೆ ತಗ್ಗಿಸಿ ಕೂತಿದ್ದ ಅಕ್ಕ ಬೇರೆ ಯಾರೋ ಎನ್ನುವಂತೆ ಕಂಡರು. ಜನರ ನಡುವೆ ನಮಗೆ ಆಡಲು ಸಿಕ್ಕಿದ್ದು ಒಂದೇ ಮಾತು. “ಊಟ ಮಾಡಿಯೇ ಹೋಗು, ಆಯ್ತಾ?” ಊಟ ಮಾಡಿ, ಲೈಟ್‌ಹೌಸಿನ ಕಡೆ ಹೋಗಿ ಸಮುದ್ರ ನೋಡಿ ಬಸ್ಸು ಹತ್ತಿದೆ. ಸದ್ದು ದೊಡ್ಡದಾಗಿಯೇ ಇತ್ತು.

ಆಮೇಲೆ ನಾನೊಬ್ಬಳೇ. ಸೇತುವೆಯ ಕೆಲಸವೂ ಮುಗಿದು ದಾರಿ ಬಿಡುವಾಗಿತ್ತು. “ಇನ್ನು ಕಾರು ತೆಗೆದುಕೊಂಡು ಹೋಗಬಹುದಲ್ಲ?” ಎಂದು ಗಂಡ ಕೇಳಿದರು. ಆಗಲಿ ಎಂದು ಎರಡು ದಿನ ಹೋದೆ. ಗಾಜು ಏರಿಸಿ, ಚಡಾವನ್ನು ಒಂದು ಹಾಡು ಮುಗಿಯುವ ಮೊದಲೇ ಹತ್ತಿದಾಗ ಏನನ್ನೋ ಹಿಂದೆ ಬಿಟ್ಟುಬಂದಂತೆ ಕನ್ನಡಿಯಲ್ಲಿ ನೋಡುತ್ತಿದ್ದೆ. ಮೂರನೆಯ ದಿನ ಮತ್ತೆ ಸೈಕಲ್ಲು.

ಅಂಗಡಿಯಲ್ಲಿ ನಡೆದದ್ದು, ಮಗಳು ಫೋನಿನಲ್ಲಿ ಅಂದದ್ದು, ರಸ್ತೆಯಲ್ಲಿ ಕಂಡದ್ದು, ಎಲ್ಲವೂ ಅಕ್ಕನಿಗೆ ಹೇಳುವ ಮಾತಾಗಿಯೇ ಮನಸ್ಸಿನಲ್ಲಿ ಕೂಡಿಕೊಳ್ಳುತ್ತಿತ್ತು. ಫೋನು ಮಾಡಿದರೆ ಮಾತ್ರ ಅದು ಹೊರಗೆ ಬರುತ್ತಿರಲಿಲ್ಲ. “ಊಟ ಆಯ್ತಾ? ಅಲ್ಲಿ ಮಳೆ ಉಂಟಾ?” ಅವರೂ ಅದನ್ನೇ ಕೇಳುತ್ತಿದ್ದರು. ಎಷ್ಟೋ ಹೊತ್ತಿನ ಮಾತು ಎರಡು ನಿಮಿಷಕ್ಕೆ ಬರಿದಾಗುತ್ತಿತ್ತು. ಈ ನಡುವೆ ನನ್ನ ಕಾಲುಗಳಿಗೆ ಬಲ ಬಂದಿತ್ತು. ಒಂದು ದಿನ ತಡವಾಯಿತೆಂದು ತುಳಿದವಳು ಚಡಾವು ಮುಗಿಯುವವರೆಗೂ ಇಳಿಯದೆ ಹೋಗಿಬಿಟ್ಟೆ. ಮೇಲೆ ನಿಂತು ಹಿಂದೆ ತಿರುಗಿ ನೋಡಿದಾಗ ಹೆಮ್ಮೆಯಾಗಬೇಕಿತ್ತು. ಬೇಸರವಾಯಿತು. ಮರುದಿನ ಎಂದಿನ ಜಾಗದಲ್ಲಿ ಇಳಿದು ದೂಡಿದೆ. ಈಗಲೂ ಹಾಗೆಯೇ.

ವರ್ಷ ಕಳೆಯುವ ಮೊದಲು ಒಂದು ಆದಿತ್ಯವಾರ ಕಾರ್ಕಳಕ್ಕೆ ಹೋದೆ. ಹೋಟೆಲಿನ ಹಿಂದೆಯೇ ಮನೆ. ಅಕ್ಕನ ಗಂಡ ತಾವೇ ಕರಿದ ಬಿಸಿ ಬಾಳೆಕಾಯಿ ಪೋಡಿ, ಚಹಾ ತಂದು ಎದುರಿಗಿಟ್ಟರು. ಮೆತ್ತಗಿನ ಮಾತಿನ ಮನುಷ್ಯ. “ನಿಮ್ಮ ವಿಷಯ ಇವಳು ಹೇಳ್ತಾ ಇರ್ತಾಳೆ,” ಎಂದರು. ಅಕ್ಕ ನನ್ನೆದುರಿನ ಕುರ್ಚಿಯಲ್ಲಿ ಕೂತರು. ಮೈ ತುಂಬಿಕೊಂಡಿತ್ತು, ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಎಡಗೆನ್ನೆಯ ಮೇಲೆ ಒಂದು ಚಿಕ್ಕ ಮಚ್ಚೆ. ಇದು ಯಾವಾಗಿನಿಂದ ಎಂದು ಕೇಳಬೇಕೆಂದುಕೊಂಡು ಸುಮ್ಮನಾದೆ. ಅಷ್ಟು ಕಾಲ ಅವರು ನನ್ನ ಎಡಕ್ಕೇ ನಡೆದವರು. ನಾನು ಕಂಡದ್ದು ಬಲಗೆನ್ನೆ ಮಾತ್ರ.

ಅವರು ಕಣ್ಣೆತ್ತಿದರೆ ನಾನು ಚಹಾದ ಲೋಟ ನೋಡುತ್ತಿದ್ದೆ. ನಾನು ನೋಡಿದರೆ ಅವರು “ಪೋಡಿ ತಿನ್ನು, ತಣಿತದೆ,” ಎನ್ನುತ್ತಿದ್ದರು. ಮಗಳ ಓದು, ಅವರ ತಮ್ಮನ ಮನೆ, ಈ ಸಲದ ಸೆಕೆ. ನೆಂಟರ ಮನೆಗೆ ಬಂದವರ ಹಾಗೆ ಇಬ್ಬರೂ ಕೂತಿದ್ದೆವು.

ಹೊರಡುವಾಗ ಅಕ್ಕ ಸ್ಕೂಟರು ತೆಗೆದರು. ಮದುವೆಯ ಮೇಲೆ ಗಂಡನೇ ಕಲಿಸಿದ್ದಂತೆ. ಹಿಂದೆ ಕೂತೆ. ದಾರಿಯಲ್ಲಿ ಅವರು ಏನೋ ಅಂದರು.

“ಎಂತ?” ಎಂದೆ ಹೆಲ್ಮೆಟ್ಟಿನ ಹತ್ತಿರ ಬಗ್ಗಿ.

“ಎಂತ ಇಲ್ಲ!”

ಬಸ್‌ಸ್ಟ್ಯಾಂಡಿನಲ್ಲಿ ಉಡುಪಿಯ ಬಸ್ಸು ಬಂದು ನಿಂತಿತ್ತು. ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಇಬ್ಬರೂ ಬಸ್ಸಿಗೆ ಒರಗಿ, ಹೋಗಿ ಬರುವವರನ್ನು ನೋಡುತ್ತಾ ನಿಂತೆವು.

“ನಾನು ಸುಖದಲ್ಲಿದ್ದೇನೆ, ಗೊತ್ತುಂಟಾ?” ಎಂದರು ಅಕ್ಕ.

“ಕಾಣ್ತದೆ ಅಕ್ಕ.”

“ಇವರು ನನ್ನನ್ನು ಒಂದು ಮಾತು ಅಂದದ್ದಿಲ್ಲ. ಸುಳ್ಳಲ್ಲ. ಆದ್ರೆ ಬೆಳಿಗ್ಗೆ ಎದ್ದ ಕೂಡ್ಲೇ, ಯಾರನ್ನೋ ಅಲ್ಲಿ ಕಾಯಿಸ್ತಾ ಇದ್ದೇನೆ, ತಡ ಆಯ್ತು ಅಂತ ಒಮ್ಮೆ ಜೀವ ಗಡಿಬಿಡಿ ಆಗ್ತದೆ. ಮತ್ತೆ ನೆನಪಾಗ್ತದೆ.”

ಅವರ ಕೈ ಹಿಡಿದೆ. ಸೂಜಿ ಹಿಡಿದು ದಡ್ಡುಗಟ್ಟಿದ್ದ ಬೆರಳುಗಳು ಈಗ ಮೆತ್ತಗಾಗಿದ್ದವು. ಕಂಡಕ್ಟರ್ ಸೀಟಿ ಊದಿದ. ಅಕ್ಕ ಕೈ ಬಿಡಿಸಿಕೊಂಡು, “ಹತ್ತು, ಹತ್ತು, ಸೀಟು ಹೋಗ್ತದೆ,” ಎಂದು ನನ್ನ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದರು.

ಹಿರಿಯಡಕ, ಪರ್ಕಳ ದಾಟಿ ಬಸ್ಸು ಮಣಿಪಾಲಕ್ಕೆ ಬಂತು. ಅಲ್ಲಿಂದ ಇಂದ್ರಾಳಿಗೆ ಇಳಿಯುವುದನ್ನು ನೋಡಬೇಕೆಂದು ಕಿಟಕಿಯ ಕಡೆ ಸರಿದು ಕೂತಿದ್ದೆ. ಚಾಲಕನಿಗೆ ಅವಸರವಿತ್ತು. ಅಂಗಡಿಗಳು, ಮರಗಳು, ತಿರುವು, ಎಲ್ಲ ಒಂದಕ್ಕೊಂದು ತಾಗಿ ಹಿಂದಕ್ಕೆ ಹೋದವು. ಯಾವುದು ಯಾವ ಜಾಗ ಎಂದು ಹಿಡಿಯುವಷ್ಟರಲ್ಲಿ ಕುಂಜಿಬೆಟ್ಟು ಬಂದಿತ್ತು.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಅಕ್ಕ ಕಟ್ಟಿಕೊಟ್ಟ ಪೋಡಿಯ ಪೊಟ್ಟಣವನ್ನು ಗಂಡನ ಮುಂದಿಟ್ಟೆ.

“ಹೇಗಿದ್ದಾರೆ?” ಎಂದು ಕೇಳಿದರು.

“ಸುಖದಲ್ಲಿದ್ದಾರೆ,” ಎಂದೆ. ಅದು ನಿಜ. ಆದರೆ ಹೇಳುವಾಗ ದನಿ ಸರಿಯಾಗಿ ಹೊರಡಲಿಲ್ಲ.

“ಕಿಟಕಿ ಪಕ್ಕ ಕೂತು ಗಾಳಿ ಕುಡಿದದ್ದು, ಗಂಟಲು ಕಟ್ಟಿದೆ,” ಎಂದು ಅವರು ಎದ್ದು, ನನಗೆ ಬಿಸಿನೀರು ಕಾಯಿಸಲು ಒಳಗೆ ಹೋದರು.