ಅತ್ತೆಗೆ ಸಾಲ ಕೊಟ್ಟ ನಾಲಿಗೆ

“ನಿಮ್ಮ ಮಾವನ ಥರ ನನ್ನ ಮುಖ ನೋಡಿ ಹೇಳ್ಬೇಡ, ರುಚಿ ನೋಡಿ ಹೇಳು,” ಎಂದು ಅತ್ತೆ, ಭಾನುವಾರ ಮನೆಯಲ್ಲಿ ಪರೀಕ್ಷೆಗೆಂದು ಮಾಡಿದ ಸೂಪಿನ ಸೌಟು ಚಾಚಿದರು.

ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಮಾವ ಅಲ್ಲೇ ಬಡಿಸುತ್ತಾರೆ. ಸ್ತನ ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಅತ್ತೆಯ ಬಾಯಿಗೆ ಎಲ್ಲವೂ ತುಕ್ಕು ಹಿಡಿದ ಕಬ್ಬಿಣ. ಹೆಂಡತಿ ನೊಂದುಕೊಳ್ಳಬಾರದೆಂದು ಮಾವ ಮೊನ್ನೆ ಚೆನ್ನಾಗಿದೆ ಎಂದ ಸೂಪನ್ನು ಕೆಲಸಗಾರರು ಹಾಗೇ ಬಿಟ್ಟೆದ್ದರು. ಇನ್ನೊಮ್ಮೆ ಹೀಗಾದರೆ ಅತ್ತೆಯನ್ನು ಅಡುಗೆ ಬಿಡಿಸಿ ಪಾತ್ರೆ ತೊಳೆಯಲು ಹಾಕುತ್ತೇನೆ ಎಂದಿದ್ದಾರೆ ಮ್ಯಾನೇಜರು.

ಮಾವ ನನಗೆ ಕಣ್ಸನ್ನೆ ಮಾಡಿದರೂ ನಾನು ನಿಜವನ್ನೇ ಹೇಳಿದೆ. “ಉಪ್ಪು ಜಾಸ್ತಿ, ಬಾಯಿಗಿಡೋ ಹಾಗಿಲ್ಲ ಅತ್ತೆ.”

“ಕೇಳಿದ್ರಾ?” ಅತ್ತೆ ಮಾವನತ್ತ ತಿರುಗಿದರು. “ಔಷಧಿ ನನ್ನ ನಾಲಿಗೆ ಕೆಡಿಸ್ತು, ನಿಮ್ಮ ಪ್ರೀತಿ ನನ್ನ ಕೆಲಸ ತಿಂತಿದೆ.”

ಅತ್ತೆ ಸೂಪನ್ನು ಸಿಂಕಿಗೆ ಸುರಿದರು.

“ನೀನು ಮುಂದಿನ ಭಾನುವಾರವೂ ರುಚಿ ನೋಡೋಕೆ ಬಾ. ಇನ್ಮೇಲೆ ಕೈಯಳತೆ ನಂಬಲ್ಲ, ಚಮಚದಲ್ಲಿ ಅಳೆದು ಮಾಡ್ತೀನಿ.”

“ಹಸ್ಕೊಂಡೇ ಬರ್ತೀನಿ,” ಎಂದೆ, ನನ್ನ ನಾಲಿಗೆಗೆ ಕೆಲಸ ಸಿಕ್ಕ ಖುಷಿಯಲ್ಲಿ.