ಬಡವರ ಸರ್ಟಿಫಿಕೇಟು

ನನ್ನ ತಮ್ಮ ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು, ಶಿವಾರಪಟ್ಟಣದಲ್ಲಿ ಅಪ್ಪನ ಉಳಿ ಹಿಡಿದವನು. ತಮ್ಮನ ಎರಡು ಕಂತಿನ ಫೀಜನ್ನು ಯಾರ ಮುಂದೆಯೂ ಕೈಚಾಚದೆ, ವಿಗ್ರಹ ಕಡೆದೇ ಕಟ್ಟಿದ್ದೆ. ಯುದ್ಧ ಬಂದ ಮೇಲೆ ದೇವರನ್ನು ಮಾಡಿಸುವವರು ಕಡಿಮೆಯಾದರು. ಮೂರನೆಯ ಕಂತಿಗೆ ಅರ್ಧವೇ ಕೂಡಿತು. ತಮ್ಮ ಕಾಗದ ಬರೆದ: ಬಡವರೆಂದು ಮಾಲೂರು ತಾಲ್ಲೂಕಿನ ಅಮಲ್ದಾರರು ಸರ್ಟಿಫಿಕೇಟು ಕೊಟ್ಟರೆ ಉಳಿದರ್ಧ ಮಾಫಿ, ಸೋಮವಾರದೊಳಗೆ ಅದು ಬಾರದಿದ್ದರೆ ಕಾಲೇಜಿನಲ್ಲಿ ಹೆಸರು ಹೊಡೆದುಹಾಕುತ್ತಾರೆ.

ಕಾಗದ ಕೈಸೇರಿದ್ದೇ ಶುಕ್ರವಾರ. ಮರುದಿನ ಬೆಳಿಗ್ಗೆ ಮಾಲೂರಿಗೆ ಹೊರಟಾಗ ಅಮ್ಮ ಬಾಗಿಲಲ್ಲಿ ತಡೆದಳು.

"ಈ ಹರಕಲು ಅಂಗೀಲಿ ಕಚೇರಿಗೆ ಹೋಗ್ತೀಯೇನೋ? ಗೇಟಲ್ಲೇ ನಿಲ್ಲಿಸ್ತಾರೆ ಕಣೋ."

ನನಗೂ ಸರಿಯೆನಿಸಿತು. ಕಚೇರಿ ಮೆಟ್ಟಿಲು ಹತ್ತುವವನು ಮದುವೆಗೆ ಹೊರಟ ಹಾಗೆ ಹೊರಡಬೇಕೆಂಬುದು ನಮ್ಮ ಕಡೆಯ ರಿವಾಜು. ಅಪ್ಪನ ಜರಿಪೇಟ ಸುತ್ತಿಕೊಂಡೆ. ಮಾಲೂರಿನಲ್ಲಿ ಗುರುತಿನ ದರ್ಜಿ ಸಾಬರ ಅಂಗಡಿಯಲ್ಲಿ ಹೊಸ ಕರಿ ಕೋಟೊಂದು ತೂಗುತ್ತಿತ್ತು.

"ಮದುವೆ ಗಂಡಿಂದು," ಎಂದರು ಸಾಬರು, ಕೋಟನ್ನು ನನ್ನ ಹೆಗಲಿಗೆ ಏರಿಸುತ್ತ. "ಸಂಜೆಗೆ ಬರ್ತಾನೆ, ಅಷ್ಟರಲ್ಲಿ ತಂದ್ಬಿಡು. ಬೆವರಬೇಡ ಮಾತ್ರ."

ಅಮಲ್ದಾರರ ಮೇಜಿನ ಮುಂದೆ ನನ್ನ ಸರದಿ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಶನಿವಾರ ಒಂದಕ್ಕೆ ಕಚೇರಿ ಮುಚ್ಚುತ್ತದೆ. ಅವರು ಅರ್ಜಿ ಓದಿ, ನನ್ನನ್ನು ಪೇಟದಿಂದ ಕಾಲಿನವರೆಗೆ ನೋಡಿದರು.

"ಇದರಲ್ಲಿ ಬಡವ ಯಾರಪ್ಪಾ?"

"ನಾನೇ ಸ್ವಾಮಿ."

"ಇಂಥ ಕೋಟು ನನಗೇ ಇಲ್ಲ."

ಗುಮಾಸ್ತ ಕಿಸಕ್ಕೆಂದ. ಕೋಟು ಎರವಲು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದೆ ಸಾಲಿನಲ್ಲಿ ಟೇಕಲ್ ಊರಿನ ಇಬ್ಬರಿದ್ದರು. ನನ್ನಿಂದ ವಿಗ್ರಹ ಒಯ್ದವರು, ನಾನು ಹೇಳಿದ ಬೆಲೆಗೆ ಎದುರಾಡದವರು. ಅವರ ಕಿವಿಗೆ ಆ ಮಾತು ಬೀಳುವುದೆಂದರೆ ನಾಲಿಗೆ ಏಳಲಿಲ್ಲ.

"ಸುಳ್ಳು ಅರ್ಜಿಗೆ ಸಹಿ ಹಾಕೋಕಾಗಲ್ಲ. ಹೋಗು," ಎಂದು ಅಮಲ್ದಾರರು ಅದನ್ನು ಪಕ್ಕಕ್ಕೆ ಸರಿಸಿದರು.

ನಾನು ಕದಲಲಿಲ್ಲ. ಗಡಿಯಾರದ ಮುಳ್ಳು ಸರಿಯುತ್ತಿತ್ತು. ಬೇಡವೆಂದರೂ ಬೆವರು ಕೋಟಿನೊಳಗೆ ಇಳಿಯುತ್ತಿತ್ತು. ಜವಾನ ನನ್ನ ತೋಳಿಗೆ ಕೈ ಹಾಕುವಷ್ಟರಲ್ಲಿ ದರ್ಜಿ ಸಾಬರು ಏದುಸಿರು ಬಿಡುತ್ತ ಒಳನುಗ್ಗಿದರು.

"ಲೇ, ಬಿಚ್ಚೋ ಬೇಗ. ಗಂಡು ಈಗ್ಲೇ ಬಂದವ್ನೆ, ಜೊತೆಗೆ ಮಾವ ಬೇರೆ. ಕೋಟೆಲ್ಲಿ ಅಂತ ಅಂಗಡೀಲಿ ಕೂತವ್ರೆ." ಆಮೇಲೆ ಅಮಲ್ದಾರರ ಕಡೆ ತಿರುಗಿ, "ಮಾಫ್ ಮಾಡಿ ಸಾಬ್. ಇದು ಇವನ್ದಲ್ಲ," ಎಂದರು.

ಸಾಲಿಗೆ ಸಾಲೇ ನಕ್ಕಿತು. ಟೇಕಲ್ಲಿನವರೂ ನಕ್ಕರು. ಒಂದೊಂದೇ ಗುಂಡಿ ಬಿಚ್ಚಿದೆ. ಒಳಗಿನ ಅಂಗಿಗೆ ಒಂದು ಹೆಗಲೇ ಇರಲಿಲ್ಲ. ಅಮಲ್ದಾರರು ಮಾತ್ರ ನಗಲಿಲ್ಲ. ಅರ್ಜಿಯನ್ನು ಮತ್ತೆ ಎಳೆದುಕೊಂಡು ಸಹಿ ಹಾಕಿ, ಮೊಹರು ಒತ್ತಿಸಿ, ನನ್ನ ಮುಖ ನೋಡದೆ ಕೊಟ್ಟರು.

ಹಾಗೆಯೇ ಅಂಚೆ ಕಚೇರಿಗೆ ನಡೆದು ಅದನ್ನು ತಮ್ಮನಿಗೆ ರಿಜಿಸ್ಟರು ಮಾಡಿದೆ. ಲಕೋಟೆ ಅಂಟಿಸುವ ಮೊದಲು ಎರಡು ಸಾಲು ಬರೆದು ಸೇರಿಸಿದೆ: "ಅಮಲ್ದಾರರು ಬಹಳ ಮರ್ಯಾದಸ್ಥರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿಯೇ ಮಾತಾಡಿಸಿದರು."