ರಸ್ತೆಯಾಚೆಗೆ ಹೋದ ಕಾಗದ

ಆಸ್ಪತ್ರೆಗೆ ನನ್ನನ್ನು ಸೇರಿಸಿಕೊಂಡದ್ದು ಚೀಟಿ ಬರೆಯೋಕೆ. ಮಧುಗಿರಿಯ ಆ ಸಣ್ಣ ಖಾಸಗಿ ಆಸ್ಪತ್ರೆಗೆ ಬಂದವರ ಹೆಸರು, ಊರು, ವಯಸ್ಸು ಕಂಪ್ಯೂಟರಿಗೆ ಹಾಕಿ ನಂಬರ್ ಕೊಡುವುದಷ್ಟೇ ನನ್ನ ಕೆಲಸ. ಒಂದು ಸಲ ಕಂಪ್ಯೂಟರ್ ನಿಂತುಹೋದಾಗ ಹಿಂದಿನ ವೈರುಗಳನ್ನೆಲ್ಲ ಕಿತ್ತು, ಧೂಳು ಒರೆಸಿ, ಮತ್ತೆ ಸಿಕ್ಕಿಸಿದೆ. ಅದು ಹತ್ತಿಕೊಂಡಿತು. ಯಾಕೆ ನಿಂತಿತ್ತು, ಯಾಕೆ ಹತ್ತಿತು, ಎರಡೂ ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಕಂಪ್ಯೂಟರಿಗೆ ಸಂಬಂಧಪಟ್ಟಿದ್ದೆಲ್ಲ ನನ್ನ ತಲೆಯ ಮೇಲೆ ಬಿತ್ತು. ಗೊತ್ತಿಲ್ಲ ಅಂತ ಹೇಳೋಕೆ ಹೆದರಿಕೆ. ಹೇಳಿದರೆ ಗೊತ್ತಿರುವವರನ್ನು ಯಾರನ್ನಾದರೂ ತಂದು ನನ್ನ ಕುರ್ಚಿಯಲ್ಲಿ ಕೂರಿಸುತ್ತಾರೆ ಅನ್ನುವ ಹೆದರಿಕೆ.

ಆಸ್ಪತ್ರೆ ರಸ್ತೆಯ ಎರಡೂ ಬದಿಗಿತ್ತು. ಈಚೆ ಹಳೇ ಕಟ್ಟಡದಲ್ಲಿ ಹೊರರೋಗಿಗಳು, ರಕ್ತ ಪರೀಕ್ಷೆಯ ಲ್ಯಾಬು, ನನ್ನ ಮೇಜು. ಆಚೆ ಹೊಸ ಕಟ್ಟಡದಲ್ಲಿ ಹತ್ತು ಹಾಸಿಗೆಯ ವಾರ್ಡು. ಎರಡು ಕಡೆಯೂ ಎರಡು ಮೂರು ಕಂಪ್ಯೂಟರು, ಒಂದೊಂದು ಪ್ರಿಂಟರು ಇದ್ದವು. ಆದರೆ ಈಚೆಯವಕ್ಕೂ ಆಚೆಯವಕ್ಕೂ ಸಂಬಂಧವಿರಲಿಲ್ಲ. ಲ್ಯಾಬಿನ ರಿಪೋರ್ಟನ್ನು ಆಯಾ ಒಬ್ಬಳು ಕೈಯಲ್ಲಿ ಹಿಡಿದು, ಕಲ್ಲು ತುಂಬಿದ ಲಾರಿಗಳ ನಡುವೆ ದಾಟಿ, ವಾರ್ಡಿಗೆ ಕೊಡಬೇಕು. ಒಂದು ದಿನ ಅವಳಿಗೆ ಬೈಕು ಬಡಿದು ಮೊಣಕೈ ಮುರಿಯಿತು. ದೊಡ್ಡ ಡಾಕ್ಟರು ನನ್ನನ್ನು ಕರೆದು, "ಎರಡೂ ಕಟ್ಟಡದ ಕಂಪ್ಯೂಟರ್ ಒಂದಕ್ಕೊಂದು ಸೇರಿಸ್ಬೇಕಮ್ಮ. ರಿಪೋರ್ಟು ಅಲ್ಲೇ ಕಾಣ್ಬೇಕು. ಏನು ಮಾಡ್ತೀರಾ ನೋಡಿ," ಅಂದರು.

ರಸ್ತೆ ಅಗೆಯಲು ಅನುಮತಿ ಸಿಗಲಿಲ್ಲ. ಮೇಲಿಂದ ಕೇಬಲ್ ಎಳೆದರೆ ಹುಲ್ಲಿನ ಲಾರಿ ಕಿತ್ತುಕೊಂಡು ಹೋಗುತ್ತದೆ. ಕೊನೆಗೆ ಶಿರಾದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಒಬ್ಬರಿಗೆ ಫೋನ್ ಮಾಡಿದೆ. ಅವರು ಕೇಳಿದರು: "ಎರಡು ಬಿಲ್ಡಿಂಗಿಗೂ ಇಂಟರ್‌ಕಾಮ್ ಇದೆಯಾ ಮೇಡಂ?"

ಇತ್ತು. ಹೊಸ ಕಟ್ಟಡ ಕಟ್ಟುವಾಗ ರಸ್ತೆಯ ಕೆಳಗಿನ ಪೈಪಿನಲ್ಲಿ ಒಂದು ಜೊತೆ ಫೋನ್ ತಂತಿ ಹಾಕಿದ್ದರು.

"ಹಂಗಾದ್ರೆ ಘಬರಾಬೇಡಿ. ಆ ಫೋನ್ ತಂತಿ ಮೇಲೇ ಓಡೋ ಡಿಎಸ್ಎಲ್ ಮೋಡೆಮ್ ಜೋಡಿ ಬರ್ತದೆ. ಒಂದು ಈಕಡೆ, ಒಂದು ಆಕಡೆ. ಎರಡು ನೆಟ್‌ವರ್ಕು ಒಂದೇ ಆಗ್ಬುಡ್ತದೆ. ಬಸ್, ಅಷ್ಟೇ ಕೆಲಸ."

ಬಂದು ಹಾಕಿಕೊಡುತ್ತೇನೆ ಅಂದಿದ್ದವರು ಮನೆಯಲ್ಲಿ ಮದುವೆ ಅಂತ ಬರಲಾಗಲಿಲ್ಲ. ಮೋಡೆಮ್‌ಗಳನ್ನು ಖಾಸಗಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದರು. ಭಾನುವಾರ ಹೊರರೋಗಿಗಳು ಇರುವುದಿಲ್ಲ. ಕೊರಟಗೆರೆ ಹತ್ತಿರದ ನಮ್ಮೂರಿಂದ ಮೊದಲ ಬಸ್ಸಿಗೆ ಬಂದು, ಡಬ್ಬ ಬಿಚ್ಚಿ, ಅವರಿಗೆ ಫೋನ್ ಹಚ್ಚಿ ಕೂತೆ. ಲ್ಯಾಪ್‌ಟಾಪಿಗೂ ಮೋಡೆಮ್‌ಗೂ ಒಂದು ಕೇಬಲ್ ಸಿಕ್ಕಿಸಿ, ಅವರು ಹೇಳಿದ ಅಂಕಿಗಳನ್ನು ಬ್ರೌಸರಿನಲ್ಲಿ ಹೊಡೆದರೆ ಒಂದು ಪುಟ ತೆರೆಯಿತು. ಮೊದಲನೆಯದನ್ನು ಮುಖ್ಯ, ಎರಡನೆಯದನ್ನು ಅದರ ಅಡಿಯಾಳು ಅಂತ ಆರಿಸಬೇಕು. ನಾನು ಎರಡನ್ನೂ ಮುಖ್ಯ ಮಾಡಿಬಿಟ್ಟೆ. ಮತ್ತೆ ಪಾಸ್‌ವರ್ಡ್ ಬದಲಿಸಿ ಅದನ್ನೇ ಮರೆತೆ. ಸೆರಗಿನ ಪಿನ್ನು ತೆಗೆದು ಮೋಡೆಮ್ ಹಿಂದಿನ ರೀಸೆಟ್ ತೂತಿನಲ್ಲಿ ಒತ್ತಿ ಹಿಡಿದು, ಮೊದಲಿಂದ ಶುರುಮಾಡಿದೆ. ಎಲ್ಲಿ ಹಾಳಾಗುತ್ತದೋ ಅಂತ ಹೆದರಿಕೆ.

"ಎರಡಕ್ಕೂ ನಂಬರ್ ಬೇರೆ ಬೇರೆ ಕೊಡಿ ಮೇಡಂ. ಒಂದೇ ನೆಟ್‌ವರ್ಕಲ್ಲಿ ಒಂದೇ ನಂಬರ್ ಎರಡಿರಬಾರ್ದು. ಅದೊಂದು ಖಯಾಲ್ ಇರ್ಲಿ," ಅಂದರು. ಎರಡು ಮೋಡೆಮ್‌ಗೂ ಬೇರೆ ಬೇರೆ ನಂಬರ್ ಕೊಟ್ಟೆ. ಆ ಮಾತು ಮೋಡೆಮ್‌ಗಳಿಗೆ ಮಾತ್ರ ಅಂತ ತಿಳಿದೆ.

ಇಂಟರ್‌ಕಾಮ್ ತಂತಿಯನ್ನು ಎರಡೂ ಕಡೆ ಬಿಚ್ಚಿ ಮೋಡೆಮ್‌ಗೆ ಹಾಕಿದೆ. ಹಸಿರು ದೀಪ ಮಿಣಮಿಣ ಅಂದು, ಎರಡು ನಿಮಿಷಕ್ಕೆ ನಿಂತು ಉರಿಯಿತು. ವಾರ್ಡಿನ ಕಂಪ್ಯೂಟರಿನಲ್ಲಿ ಲ್ಯಾಬಿನ ರಿಪೋರ್ಟು ಕಂಡಿತು. ವಾರ್ಡಿನ ಹಿರಿಯ ನರ್ಸಮ್ಮ, ಹದಿನೈದು ವರ್ಷದಿಂದ ಅಲ್ಲಿದ್ದವರು, ನನ್ನ ಬೆನ್ನು ತಟ್ಟಿ ಕಾಫಿ ಕೊಟ್ಟರು.

ಸೋಮವಾರ ವಿಪರೀತ ಜನ. ಶಿರಾ ಕಡೆಯವರು, ದೊಡ್ಡೇರಿ ಕಡೆಯವರು, ಪಾವಗಡದಿಂದ ಬೆಳಗಿನ ಬಸ್ಸಿಗೆ ಬಂದವರು. ಹನ್ನೊಂದು ಗಂಟೆಯ ಹೊತ್ತಿಗೆ ಕೊರಟಗೆರೆ ಕಡೆಯ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. "ನನ್ ಸಕ್ಕರೆ ರಿಪೋರ್ಟು ಇನ್ನೂ ಕೊಡ್ಲಿಲ್ಲ ಕಣಮ್ಮ. ನನ್ ಹಿಂದ್ಲೋರೆಲ್ಲ ಈಸ್ಕೊಂಡು ಹೋದ್ರು."

ಲ್ಯಾಬಿನವರನ್ನು ಕೇಳಿದೆ. "ಆಗ್ಲೇ ಪ್ರಿಂಟ್ ಕೊಟ್ಟೆನಲ್ಲ, ಒಂದು ಗಂಟೆ ಆಯ್ತು. ನಾನ್ನೂರ ಹನ್ನೆರಡಿದೆ, ಬೇಗ ಡಾಕ್ಟ್ರಿಗೆ ತೋರಿಸಕ್ಕೆ ಹೇಳಿ," ಅಂದರು.

ಪ್ರಿಂಟರ್ ಹತ್ತಿರ ಹೋದೆ. ತಟ್ಟೆ ಖಾಲಿ. ಕಾಗದ ಸಿಕ್ಕಿಕೊಂಡಿದೆಯೇನೋ ಅಂತ ಮುಚ್ಚಳ ತೆಗೆದು ನೋಡಿದೆ, ಇಲ್ಲ. ನನ್ನ ಕಂಪ್ಯೂಟರಿಂದ ಪರೀಕ್ಷೆಗೆ ಒಂದು ಪುಟ ಕಳಿಸಿದೆ. ಪ್ರಿಂಟ್ ಆಯಿತು ಅಂತ ಪರದೆ ಹೇಳಿತು. ನನ್ನ ಕಣ್ಣೆದುರಿಗಿದ್ದ ಪ್ರಿಂಟರ್ ಮಾತ್ರ ಅಲುಗಲಿಲ್ಲ.

ಆಗ ನೆನಪಾಯಿತು. ಎರಡು ಪ್ರಿಂಟರನ್ನೂ ಹಿಂದೊಮ್ಮೆ ಒಬ್ಬರೇ ಬಂದು ಹಾಕಿಕೊಟ್ಟು ಹೋಗಿದ್ದರು. ಎರಡಕ್ಕೂ ಅವರು ಒಂದೇ ನಂಬರ್ ಕೊಟ್ಟಿದ್ದರೆ? ನಿನ್ನೆಯವರೆಗೆ ಅವು ಬೇರೆ ಬೇರೆ ಮನೆಯಲ್ಲಿದ್ದವು. ನಿನ್ನೆ ನಾನು ಎರಡನ್ನೂ ಒಂದೇ ಮನೆಗೆ ತಂದಿದ್ದೆ. ಕಾಗದಕ್ಕೆ ಯಾವ ಬಾಗಿಲು ಮೊದಲು ತೆರೆಯುತ್ತದೋ ಅಲ್ಲಿಗೆ ಹೋಗುತ್ತದೆ.

ನೋಂದಣಿ ಪಟ್ಟಿ ನೋಡಿದೆ. ನನ್ನೆದುರು ನಿಂತಿದ್ದವಳ ಹೆಸರು ಊರಮ್ಮನ ಹೆಸರು. ನಮ್ಮ ಕಡೆ ಬೀದಿಗೆ ನಾಲ್ಕು ಜನಕ್ಕೆ ಆ ಹೆಸರಿರುತ್ತದೆ. ವಾರ್ಡಿನಲ್ಲೂ ಅದೇ ಹೆಸರಿನ ಒಬ್ಬ ಅಜ್ಜಿ ಇದ್ದಳು. ಪಾವಗಡ ಕಡೆಯವಳು, ಜ್ವರ ಅಂತ ಮಗಳು ತಂದು ಸೇರಿಸಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಅವಳ ರಕ್ತವನ್ನೂ ಅವತ್ತು ಬೆಳಿಗ್ಗೆ ತೆಗೆದಿದ್ದರು.

ವಾರ್ಡಿಗೆ ಫೋನ್ ಮಾಡೋಣವೆಂದು ಇಂಟರ್‌ಕಾಮ್ ಎತ್ತಿದೆ. ಸದ್ದಿಲ್ಲ. ಅದರ ತಂತಿ ನಾನೇ ಬಿಚ್ಚಿ ಮೋಡೆಮ್‌ಗೆ ಹಾಕಿದ್ದೆ. ನರ್ಸಮ್ಮನ ಮೊಬೈಲಿಗೆ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ, ಎತ್ತಲಿಲ್ಲ. ಚಪ್ಪಲಿ ಮೇಜಿನ ಕೆಳಗೇ ಉಳಿಯಿತು, ಬರಿಗಾಲಲ್ಲಿ ಹೊರಗೆ ಓಡಿದೆ. ರಸ್ತೆಯಲ್ಲಿ ಲಾರಿಗಳ ಸಾಲು. ಒಂದರ ಹಿಂದೆ ಒಂದು, ನಿಧಾನಕ್ಕೆ. ಟಾರು ಸುಡುತ್ತಿತ್ತು. ಆ ಲಾರಿಗಳು ಹೋಗುವವರೆಗೆ ನಿಂತದ್ದು ಒಂದು ನಿಮಿಷವೂ ಇರಲಾರದು. ಆ ನಿಮಿಷದಲ್ಲಿ ಮುದುಕಿ ಸತ್ತಿರುವುದನ್ನೂ, ಅವಳ ಮಗಳು ಬಾಗಿಲಲ್ಲಿ ಕೂತು ಅಳುವುದನ್ನೂ, ನನ್ನನ್ನು ಪೋಲೀಸರು ಜೀಪು ಹತ್ತಿಸುವುದನ್ನೂ ನಾನು ನೋಡಿ ಮುಗಿಸಿದ್ದೆ.

ವಾರ್ಡಿನ ಪ್ರಿಂಟರ್ ತಟ್ಟೆಯಲ್ಲಿ ನಾನು ಕಳಿಸಿದ ಪರೀಕ್ಷೆಯ ಪುಟ ಬಿದ್ದಿತ್ತು.

"ಅಜ್ಜಿ ಸಕ್ಕರೆ ರಿಪೋರ್ಟು ಬಂತಾ ನರ್ಸಮ್ಮ?"

"ಬಂತಲ್ಲ, ಪ್ರಿಂಟರಿಗೇ ಬಂತು. ನಾನ್ನೂರು ದಾಟಿದೆ. ಚಿಕ್ಕ ಡಾಕ್ಟ್ರು ಇನ್ಸುಲಿನ್ ಬರೆದ್ರು, ಕೊಟ್ಟೆ."

"ಯಾವಾಗ?"

"ಮುಕ್ಕಾಲು ಗಂಟೆ ಆಗ್ತಾ ಬಂತು. ಯಾಕೆ?"

"ಅದು ಅಜ್ಜಿದಲ್ಲ," ಅಂದೆ. ಇನ್ನೊಮ್ಮೆ ಹೇಳಿದೆ.

ನರ್ಸಮ್ಮ ನನ್ನ ಮುಖ ನೋಡಿದವರೇ ಹಾಸಿಗೆಯ ಕಡೆ ನಡೆದರು. ಅಜ್ಜಿಯ ಹಣೆ, ಕುತ್ತಿಗೆ ಬೆವರಿನಿಂದ ತೊಯ್ದಿತ್ತು. ಕೈ ನಡುಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಗಳು, "ಸೆಕೆ ಅಂತ ಅಂದ್ಕೊಂಡೆ. ಮಾತಾಡ್ಸಿದ್ರೆ ಏನೇನೋ ಅಂತಾಳೆ," ಅಂದಳು. ನರ್ಸಮ್ಮ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿದರು. ನಲವತ್ತಾರು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಗ್ಲೂಕೋಸು ತಂದು ನರಕ್ಕೆ ಕೊಟ್ಟರು, ಬಾಟಲಿ ಏರಿಸಿದರು. ಚಿಕ್ಕ ಡಾಕ್ಟರು ಓಡಿ ಬಂದರು. ನಾನು ಮೂಲೆಯಲ್ಲಿದ್ದ ಮೋಡೆಮ್ ಹತ್ತಿರ ಹೋಗಿ ಎಲ್ಲ ವೈರನ್ನೂ ಕಿತ್ತೆ. ಕಿತ್ತ ವೈರು ಕೈಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ.

ದೊಡ್ಡ ಡಾಕ್ಟರು ಬಂದಾಗ ಮೊದಲು ನರ್ಸಮ್ಮನ ಮೇಲೆ ರೇಗಿದರು. "ನೋಂದಣಿ ನಂಬರ್ ನೋಡ್ಬೇಕಲ್ವಾ? ಬರೀ ಹೆಸರು ನೋಡಿ ಕೊಡ್ತಾರಾ?" ನರ್ಸಮ್ಮ ತಲೆ ತಗ್ಗಿಸಿದರು. ಅವರ ಕಣ್ಣು ತುಂಬಿದ್ದು ಕಂಡಿತು. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೋಡೆಮ್, ನಂಬರ್, ಇವೆಲ್ಲ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿರಬೇಕು ಅಂತ ಅನ್ನಿಸಿತು ಕೂಡ. ಹಾಗನ್ನಿಸಿದ್ದನ್ನು ಈಗ ಮುಚ್ಚಿಟ್ಟು ಏನು ಮಾಡಲಿ. ನರ್ಸಮ್ಮ ಸೀರೆಯ ತುದಿಯಲ್ಲಿ ಮೂಗು ಒರೆಸಿಕೊಂಡರು. ಆಗ ಬಾಯಿಬಿಟ್ಟೆ.

"ಸರ್, ಆ ಕಾಗದ ಇಲ್ಲಿಗೆ ಬಂದಿದ್ದೇ ನನ್ನಿಂದ. ನೆನ್ನೆ ಸೇರಿಸಿದೆನಲ್ಲ, ಪ್ರಿಂಟರ್ ನಂಬರ್ ನೋಡ್ಲಿಲ್ಲ. ನನಗೆ ಅದು ಗೊತ್ತಿರ್ಲಿಲ್ಲ. ಇಂಥದು ಯಾವುದೂ ನನಗೆ ಸರಿಯಾಗಿ ಗೊತ್ತಿಲ್ಲ."

ಡಾಕ್ಟರು ಬೈಯುತ್ತಾರೆ ಅಂತ ಕಾದೆ. ಅವರು ಮುಖ ಒರೆಸಿಕೊಂಡು, "ಬೆಳಿಗ್ಗೆಯಿಂದ ಇಲ್ಲಿಗೆ ಇನ್ನೂ ಯಾವ್ಯಾವ ಕಾಗದ ಬಂದಿದೆ? ಎಲ್ಲಾ ತೆಗೀರಿ," ಅಂದರು. ಹಾಸಿಗೆ ಹಾಸಿಗೆಯ ಫೈಲು ತೆಗೆದು, ಒಂದೊಂದು ಕಾಗದದ ನೋಂದಣಿ ನಂಬರನ್ನೂ ನಾನೂ ನರ್ಸಮ್ಮನೂ ಓದಿದೆವು. ದಾರಿ ತಪ್ಪಿ ಬಂದದ್ದು ಆ ಒಂದೇ ಒಂದು. ಅದನ್ನು ಕೊರಟಗೆರೆಯ ಹೆಂಗಸಿಗೆ ಕೊಟ್ಟು, ಅವಳನ್ನು ಡಾಕ್ಟರ ಮುಂದೆ ಕೂರಿಸಿದೆವು. ಆಮೇಲೆ ಲ್ಯಾಬಿನಿಂದ ತರಿಸಿದ ಅಜ್ಜಿಯ ನಿಜವಾದ ರಿಪೋರ್ಟಿನಲ್ಲಿ ನೂರ ಹದಿನೆಂಟಿತ್ತು.

ಮಗಳಿಗೆ ಡಾಕ್ಟರೇ ಹೇಳಿದರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತೆಲುಗಿನಲ್ಲಿ ಕೇಳಿದಳು, ನನ್ನನ್ನೇ ನೋಡಿಕೊಂಡು: "ಮಾ ಅಮ್ಮಕಿ ಏಮನ್ನಾ ಅಯ್ಯುಂಟೆ?" ಆಮೇಲೆ ಕನ್ನಡದಲ್ಲಿ, "ನಮ್ಮಮ್ಮಂಗೆ ಏನಾದ್ರೂ ಆಗಿದ್ರೆ?" ತಪ್ಪಾಯಿತು ಅಂದೆ. ಅವಳು ಮುಖ ತಿರುಗಿಸಿದಳು.

ಅರ್ಧ ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಿದ್ದರು. ಎಂಬತ್ತೆರಡು. ಮತ್ತೆ ಅರವತ್ತೊಂಬತ್ತಕ್ಕೆ ಇಳಿಯಿತು. ಇನ್ಸುಲಿನ್ ಇನ್ನೂ ಒಳಗೆ ಕೆಲಸ ಮಾಡುತ್ತಿದೆ ಅಂದರು. ನಾನು ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ಮೂರು ಗಂಟೆಯ ಹೊತ್ತಿಗೆ ನೂರ ಮೂವತ್ತಾಯಿತು. ಅಜ್ಜಿ ಕಣ್ಣು ಬಿಟ್ಟು, "ಆಕಲೈತಾ ಉಂದಿ, ಹೊಟ್ಟೆ ಹಸೀತೈತೆ. ಮುದ್ದೆ ಏನಾರ ಐತಾ?" ಅಂದಳು. ನರ್ಸಮ್ಮ ಆಚೆ ಹೋಗಿ ಅತ್ತರು. ನನಗೆ ಅಳುವೂ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ನಮ್ಮೂರ ಹತ್ತಿರದ ಸಿದ್ದರಬೆಟ್ಟ ಕಾಣುವವರೆಗೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಿದ್ದೆ.

ಮಾರನೇ ದಿನ ಶಿರಾದವರು ತಾವೇ ಬಂದರು. "ನಾನು ಫೋನಲ್ಲಿ ಪೂರಾ ಹೇಳ್ಬೇಕಾಗಿತ್ತು. ಗಲ್ತಿ ನಂದೂ ಇದೆ," ಅಂದರು. ಎರಡೂ ಕಟ್ಟಡದ ಒಂದೊಂದು ಯಂತ್ರದ ನಂಬರನ್ನೂ ನನ್ನ ಕೈಲೇ ತೆಗೆಸಿ, ನೋಟ್ ಪುಸ್ತಕದಲ್ಲಿ ಬರೆಸಿದರು. ಪ್ರಿಂಟರುಗಳಲ್ಲದೆ ಇನ್ನೂ ಒಂದು ಜೊತೆ ಕಂಪ್ಯೂಟರಿಗೆ ಒಂದೇ ನಂಬರಿತ್ತು. ಬದಲಿಸಿದೆವು. ಕಾಗದ ಯಾರದೆಂದು ನೋಂದಣಿ ನಂಬರಿನಿಂದಲೇ ನೋಡಬೇಕು, ಇಬ್ಬರು ಓದಬೇಕು ಅಂತ ಡಾಕ್ಟರು ಗೋಡೆಗೆ ಬರೆಸಿ ಹಾಕಿದರು. ಶಿರಾದವರು ಇನ್ನು ಸೇರಿಸಿ ಅಂದಾಗ ಮೋಡೆಮ್ ವೈರು ಹಿಡಿದು, ನೋಟ್ ಪುಸ್ತಕದ ನಂಬರುಗಳನ್ನು ಇನ್ನೊಮ್ಮೆ ಓದಿಕೊಂಡೆ. ಅವರು ಅವಸರ ಮಾಡಲಿಲ್ಲ. ಸಿಕ್ಕಿಸಿದ ಮೇಲೆ ಎರಡೂ ಕಡೆಯಿಂದ ಇಪ್ಪತ್ತು ಪುಟ ಪ್ರಿಂಟ್ ಕೊಟ್ಟು ನೋಡಿದೆ. ಎಲ್ಲವೂ ಬರಬೇಕಾದ ಕಡೆಗೇ ಬಂದವು.

ನನ್ನ ಕೆಲಸ ಹೋಗಲಿಲ್ಲ. ನರ್ಸಮ್ಮ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಸರಿಯೇ ಅನ್ನಿಸಿತ್ತು. ಡಾಕ್ಟರು ಮತ್ತೇನಾದರೂ ಹೊಸದನ್ನು ಹೇಳಿದರೆ, "ನನಗೆ ಬರಲ್ಲ ಸರ್, ಕಲಿತು ಮಾಡ್ತೀನಿ, ಟೈಮ್ ಕೊಡಿ," ಅನ್ನುವುದನ್ನು ರೂಢಿ ಮಾಡಿಕೊಂಡೆ. ಹಾಗನ್ನೋಕೆ ಈಗಲೂ ಹೆದರಿಕೆ.

ತಿಂಗಳಾದ ಮೇಲೆ ಅಜ್ಜಿಯನ್ನು ಕರೆದುಕೊಂಡು ಮಗಳು ತೋರಿಸೋಕೆ ಬಂದಳು. ಬೇರೆ ಆಸ್ಪತ್ರೆಗೆ ಹೋಗುತ್ತಾರೆ ಅಂತ ತಿಳಿದಿದ್ದೆ. ನನ್ನ ಮೇಜಿನ ಮುಂದೆ ನಿಂತು ಹೆಸರು ಹೇಳಿದಳು, ಊರು ಹೇಳಿದಳು. ಲ್ಯಾಬಿನಿಂದ ರಿಪೋರ್ಟು ಬಂದಾಗ ನಾನು ನೋಂದಣಿ ನಂಬರನ್ನು ಗಟ್ಟಿಯಾಗಿ ಓದಿದೆ. ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಂಕಿಗೆ ಬೆರಳಿಟ್ಟು ನೋಡಿದಳು.

"ಇನ್ನೊಂದ್ ಸಲ ಹೇಳು," ಅಂದಳು.

ನಾನು ಇನ್ನೊಂದು ಸಲ ಓದಿದೆ.